ಶಹಾಬಾದಿನ ಮರೆಮ್ಮ ಮುರ್ಮಾನ್ಸ್ಕ್ ನೋಡಿದ್ದು

೧೯೭೮ರ ಏಪ್ರಿಲ್ ತಿಂಗಳ ಒಂದು ಸಂಜೆ ಕಲ್ಲುಗಣಿ ಕಾರ್ಮಿಕರ ಸಂಘದ ಮಶಾಕಸಾಬರು ಒಬ್ಬ ಹೆಂಗಸನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ನಾನು ಆಗ ಶಹಾಬಾದಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ನಮ್ಮ ಕಡೆ ಯಾರಿಗೆ ಏನು ಅರ್ಜಿ ಬರೆಯಬೇಕಾದರೂ ನನ್ನ ಬಾಗಿಲಿಗೆ ಬರುವುದು ರೂಢಿ. ರೇಷನ್ ಕಾರ್ಡಿನ ಕೆಲಸವಿರಬೇಕು ಅಂದುಕೊಂಡು ಪೆನ್ನಿನ ಟೊಪ್ಪಿಗೆ ತೆಗೆದೆ. ಸಾಬರು ಮುಂದಿಟ್ಟ ಫಾರ್ಮು ಪಾಸ್‌ಪೋರ್ಟಿನದು.

ಪಾಸ್‌ಪೋರ್ಟು ಬೇಕಾಗಿದ್ದು ಆ ಹೆಂಗಸಿಗೆ. ಹೆಸರು ಮರೆಮ್ಮ. ಎತ್ತರದ ಆಳು, ಅಗಲವಾದ ಅಂಗೈ, ನಲವತ್ತರ ಆಸುಪಾಸು. ಹುಟ್ಟಿದ ದಿನ ಯಾವುದು ಎಂದು ಕೇಳಿದೆ. ಆಕೆ ತನ್ನ ತಮ್ಮ ಹುಟ್ಟಿದ ವರ್ಷ ಕಾಗಿಣಾ ಹೊಳೆ ಊರೊಳಗೆ ಬಂದಿತ್ತೆಂದೂ ತಾನು ಅವನಿಗಿಂತ ಎರಡು ಮಳೆಗಾಲ ದೊಡ್ಡವಳೆಂದೂ ಹೇಳಿದಳು. ನಾನೂ ಸಾಬರೂ ಬೆರಳು ಮಡಚಿ ಒಂದು ವರ್ಷ ಗೊತ್ತುಮಾಡಿದೆವು. ತಿಂಗಳು ಮತ್ತು ತಾರೀಖನ್ನು ಮಾತ್ರ ನಾನೇ ಹಾಕಿದೆ.

ಮರೆಮ್ಮ ಹುಟ್ಟಿದ್ದು ಚಿತ್ತಾಪುರ ತಾಲ್ಲೂಕಿನಲ್ಲಿ, ಕಾಗಿಣಾ ದಂಡೆಯ ಒಂದು ಹಳ್ಳಿಯಲ್ಲಿ. ಅಪ್ಪ ದೇವೀಂದ್ರಪ್ಪ ಹೊಳೆ ದಾಟಿಸುವವನು. ಮಳೆಗಾಲದಲ್ಲಿ ಹರಗೋಲು ಹಾಕಿ ಜನರನ್ನೂ ಆಡು ಕುರಿಗಳನ್ನೂ ಆಚೆ ದಡಕ್ಕೆ ಮುಟ್ಟಿಸುತ್ತಿದ್ದ, ಬೇಸಿಗೆಯಲ್ಲಿ ಬಲೆ ಹಾಕುತ್ತಿದ್ದ. ಹದಿನೈದಕ್ಕೆ ಆಕೆಯನ್ನು ಶಹಾಬಾದಿನ ತಮ್ಮಣ್ಣನಿಗೆ ಕೊಟ್ಟರು. ತಮ್ಮಣ್ಣ ಗಣಿಯಲ್ಲಿ ಫರಸಿ ಕಲ್ಲು ಸೀಳುವವನು. ಬೂದು ಬಣ್ಣದ ಆ ಹಾಸುಗಲ್ಲು ಇಲ್ಲಿಂದ ರೈಲು ಹತ್ತಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಇಲ್ಲಿ ಸೀಳುವವರಿಗೇ ಗೊತ್ತಿರುವುದಿಲ್ಲ. ಗಣಿಯಲ್ಲಿ ಗಂಡಸರು ಸೀಳುತ್ತಾರೆ, ಹೆಂಗಸರು ಚೂರುಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಹಾಕುತ್ತಾರೆ. ಮರೆಮ್ಮನೂ ಎಂಟು ವರ್ಷ ಹೊತ್ತಳು. ಒಂದು ಬೇಸಿಗೆ ತಮ್ಮಣ್ಣನ ಬಲಗೈ ಮೇಲೆ ಬಂಡೆ ಉರುಳಿ ಎರಡು ತಿಂಗಳು ಮಲಗಿದ. ಆಗ ಅವನ ಸುತ್ತಿಗೆ, ಉಳಿ ತೆಗೆದುಕೊಂಡು ಅವನ ಜಾಗದಲ್ಲಿ ಕುಳಿತವಳು, ಅವನು ಎದ್ದು ಬಂದ ಮೇಲೂ ಏಳಲಿಲ್ಲ. ಗಣಿಯ ಲೆಕ್ಕ ನೋಡುವ ಮುನ್ಷಿ ಒಂದೆರಡು ದಿನ ಗೊಣಗಿದ. ಆಕೆ ಸೀಳಿದ ಕಲ್ಲಿನ ಅಂಚು ನೂಲು ಹಿಡಿದಂತಿದ್ದುದರಿಂದ ಆಮೇಲೆ ಸುಮ್ಮನಾದ. ಪಕ್ಕ ಪಕ್ಕದಲ್ಲಿ ಕುಳಿತು ಕಲ್ಲು ಸೀಳುವ ಗಂಡ ಹೆಂಡತಿ ನಮ್ಮ ಊರಿನಲ್ಲಿ ಅದೊಂದೇ ಜೋಡಿ.

ಆ ವರ್ಷ ರಷ್ಯಾದ ಕಟ್ಟಡ ಕಾರ್ಮಿಕರ ಸಂಘದವರು ನಮ್ಮ ದೇಶದಿಂದ ಹನ್ನೆರಡು ಜನರನ್ನು ಹದಿನೈದು ದಿನಕ್ಕೆ ಕರೆದಿದ್ದರು. ಅದರಲ್ಲಿ ಕಲ್ಲಿನ ಕೆಲಸದವರು ಇರಬೇಕು, ಹೆಂಗಸರೂ ಇರಬೇಕು ಎಂದಿತ್ತು ಪತ್ರ. ಕಲ್ಲಿನ ಕೆಲಸದ ಹೆಂಗಸು ಅಂದಾಗ ಮಶಾಕಸಾಬರಿಗೆ ಬೇರೆ ಹೆಸರು ಹುಡುಕುವ ಅಗತ್ಯ ಬೀಳಲಿಲ್ಲ. ಅವರು ವಿಷಯ ತಿಳಿಸಿದಾಗ ತಮ್ಮಣ್ಣ ತಟ್ಟನೆ ಎದ್ದು ಹೋದನಂತೆ. ಮುನಿಸಿಕೊಂಡ ಅಂತಲೇ ಎಲ್ಲರೂ ತಿಳಿದರು. ಒಂದು ತಾಸಿನ ಮೇಲೆ ಪೇಟೆಯಿಂದ ಒಂದು ಜೊತೆ ಕ್ಯಾನ್ವಾಸ್ ಬೂಟು ಹಿಡಿದು ಬಂದ. ಮರೆಮ್ಮನಿಗೆ ಚಪ್ಪಲಿ ಬಿಟ್ಟರೆ ಬೇರೇನೂ ಹಾಕಿ ಗೊತ್ತಿರಲಿಲ್ಲ.

ಬೂಟಿಗಿಂತ ದೊಡ್ಡ ಚಿಂತೆ ಚಳಿಯದು. ನಾನು ಅಟ್ಲಾಸ್ ಬಿಡಿಸಿ ಅವರ ಪಯಣದ ಊರುಗಳ ಮೇಲೆ ಬೆರಳಿಟ್ಟು ತೋರಿಸಿದೆ. ದಿಲ್ಲಿ, ಮಾಸ್ಕೋ, ಲೆನಿನ್‌ಗ್ರಾಡ್, ಕೊನೆಯದು ಮುರ್ಮಾನ್ಸ್ಕ್. ಅದು ಉತ್ತರ ಧ್ರುವವೃತ್ತಕ್ಕಿಂತಲೂ ಮೇಲಿರುವ ಬಂದರು, ನಕ್ಷೆಯ ಅಂಚಿಗೇ ತಾಗಿಕೊಂಡಿತ್ತು. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎಂದೆ. ಮರೆಮ್ಮ ನನ್ನ ಮುಖವನ್ನೇ ನೋಡಿದಳು.

"ನೀವು ನೋಡೀರೇನ್ರೀ ಮಾಸ್ತರ್ರ?"

ಇಲ್ಲ ಎಂದೆ. ಹದಿನಾಲ್ಕು ವರ್ಷ ಮಕ್ಕಳಿಗೆ ಅದನ್ನು ಕಲಿಸಿದ್ದೆ, ಯಾರೂ ಹಾಗೆ ಕೇಳಿರಲಿಲ್ಲ.

ಚಳಿಗೆ ವ್ಯವಸ್ಥೆ ಮಾಡಿದ್ದು ಮರೆಮ್ಮನ ಪಕ್ಕದ ಮನೆಯ ಜೈತುನ್ಬೀ. ಆಕೆಯ ಗಂಡ ಹಾಜಿಸಾಬರು ವಾಡಿ ಜಂಕ್ಷನ್ನಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ರೈಲ್ವೆಯವರು ಕೊಟ್ಟ ಕರಿ ಉಣ್ಣೆಯ ಕೋಟು ಟ್ರಂಕಿನಲ್ಲಿ ಡಾಂಬರು ಗುಳಿಗೆಯ ನಡುವೆ ಮಡಚಿಕೊಂಡಿತ್ತು. ಮೊಣಕಾಲು ಮುಟ್ಟುವ ಕೋಟು, ಎರಡು ಸಾಲು ಹಿತ್ತಾಳೆಯ ಗುಂಡಿ. ಜೈತುನ್ಬೀ ಗುಂಡಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕೋಟನ್ನು ಎರಡು ದಿನ ಬಿಸಿಲಿಗೆ ಹಾಕಿ ಕೊಟ್ಟಳು. ಗರಿಗರಿ ಕಟಕ ರೊಟ್ಟಿ, ಖಾರದ ಶೇಂಗಾ ಹಿಂಡಿ, ಆ ಕೋಟು, ಆ ಬೂಟು ಇಷ್ಟರೊಂದಿಗೆ ಮರೆಮ್ಮ ಜೂನ್ ಮೊದಲ ವಾರ ಶಹಾಬಾದ್ ಸ್ಟೇಷನ್ನಿನಲ್ಲಿ ರೈಲು ಹತ್ತಿದಳು. ಮುಂದಿನದು ಆಕೆ ಬಂದ ಮೇಲೆ ನನಗೂ ಊರಿಗೂ ಹೇಳಿದ್ದು.

ತಂಡದಲ್ಲಿ ಆಕೆಗೆ ಮೊದಲ ಮೂರು ದಿನ ಮಾತಿಲ್ಲ. ಉಳಿದವರು ಇಂಗ್ಲಿಷ್ ಬಲ್ಲ ಮುಖಂಡರು. ಮಾಸ್ಕೋದಲ್ಲಿ ಲ್ಯುದ್ಮಿಲಾ ಎಂಬ ದುಭಾಷಿ ಜೊತೆಯಾದಳು. ವಯಸ್ಸು ಇಪ್ಪತ್ತೈದು, ಪುಸ್ತಕದ ಹಾಗೆ ಹಿಂದಿ ಮಾತಾಡುವವಳು. ಮರೆಮ್ಮ ಇಪ್ಪತ್ತೈದು ವರ್ಷದಿಂದ ಜೈತುನ್ಬೀಯ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕಿದವಳು, ನಮ್ಮ ಕಡೆಯ ಉರ್ದು ಆಕೆಗೆ ನೀರು ಕುಡಿದಷ್ಟು ಸಲೀಸು. ಲ್ಯುದ್ಮಿಲಾಳ ಹಿಂದಿ ಈಕೆಗೆ ಅರ್ಧ ತಿಳಿಯಿತು, ಈಕೆಯ ಉರ್ದು ಆಕೆಗೆ ಕಾಲುಭಾಗ. ಉಳಿದದ್ದನ್ನು ಇಬ್ಬರೂ ನಕ್ಕು ತುಂಬಿಸಿಕೊಂಡರು. ಲೆನಿನ್‌ಗ್ರಾಡ್ ಬಿಡುವ ಹೊತ್ತಿಗೆ ಲ್ಯುದ್ಮಿಲಾ ಬಸ್ಸಿನಲ್ಲಿ ಬೇರೆ ಯಾರ ಪಕ್ಕದಲ್ಲೂ ಕೂಡುತ್ತಿರಲಿಲ್ಲ.

ಮುರ್ಮಾನ್ಸ್ಕಿಗೆ ರೈಲಿನಲ್ಲಿ ಹೋದರು. ಊರು ನೋಡುವುದಕ್ಕೆ ಇಟ್ಟಿದ್ದು ಒಂದೇ ದಿನ. ಬೆಳಿಗ್ಗೆ ಹೋಟೆಲಿನಲ್ಲಿ ಹುರಿದ ಮೀನು ಕೊಟ್ಟರು. ತಂಡದ ಐದಾರು ಜನ ತಟ್ಟೆ ಸರಿಸಿ ಬರೀ ಬ್ರೆಡ್ಡು ತಿಂದರು. ಹೊಳೆಯ ದಂಡೆಯ ಮಗಳು ಮರೆಮ್ಮ ತನ್ನ ಮೀನು ಮುಗಿಸಿ, ಅವರ ಪೈಕಿ ಇಬ್ಬರದನ್ನೂ ಮುಗಿಸಿದಳು. ಮುಳ್ಳು ಕಡಿಮೆ, ರುಚಿ ಚಲೋ, ಖಾರ ಮಾತ್ರ ಏನೂ ಇಲ್ಲ ಅಂದಳು. ಚೀಲದಿಂದ ಶೇಂಗಾ ಹಿಂಡಿ ತೆಗೆದು ಉದುರಿಸಿಕೊಂಡ ಮೇಲೆ ಅದೂ ಸರಿಹೋಯಿತು.

ಬಸ್ಸು ಮೊದಲು ಬಂದರಿಗೆ ಹೋಯಿತು. ಸುತ್ತ ಬೋಳುಗುಡ್ಡ, ನಡುವೆ ಉದ್ದಕ್ಕೆ ಒಳಗೆ ಬಂದ ಕಡಲು. ಅಷ್ಟು ಉತ್ತರದಲ್ಲಿದ್ದರೂ ಆ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ, ದೂರದ ಬಿಸಿನೀರಿನ ಹರಿವು ಅಲ್ಲಿಯವರೆಗೆ ಬರುತ್ತದೆ ಎಂದು ಲ್ಯುದ್ಮಿಲಾ ವಿವರಿಸಿದಳು. ಮರೆಮ್ಮ ಕೂಡಲೇ ಮೆಟ್ಟಿಲಿಳಿದು ನೀರಿನಲ್ಲಿ ಕೈಯಿಟ್ಟಳು. ಬಿಸಿ ಅನ್ನುವುದಕ್ಕೆ ಈ ಊರಿನವರ ಲೆಕ್ಕವೇ ಬೇರೆ ಎಂದು ತೀರ್ಮಾನಿಸಿ, ಕೈಯನ್ನು ಕೋಟಿನ ಜೇಬಿನೊಳಗೆ ಸೇರಿಸಿದಳು. ಮಂಜುಗಡ್ಡೆ ಒಡೆದು ದಾರಿ ಮಾಡುವ ಹಡಗೊಂದನ್ನು ಹೊರಗಿನಿಂದ ತೋರಿಸಿದರು. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದಿ ನಾವಿಕ ಮರೆಮ್ಮನ ಕರಿ ಕೋಟನ್ನೂ ಎರಡು ಸಾಲು ಹಿತ್ತಾಳೆ ಗುಂಡಿಯನ್ನೂ ನೋಡಿ, ಎದ್ದು ನಿಂತು ಸಲಾಮು ಹೊಡೆದ. ಮರೆಮ್ಮನೂ ಗಂಭೀರವಾಗಿ ಸಲಾಮು ಮಾಡಿದಳು. ಯಾವ ನೌಕಾಪಡೆಯ ಅಧಿಕಾರಿ ಎಂದು ಅವನು ಕೇಳುತ್ತಿದ್ದಾನೆ ಅಂದಳು ಲ್ಯುದ್ಮಿಲಾ. ವಾಡಿ ಜಂಕ್ಷನ್ನಿನದು ಅಂತ ಹೇಳು ಅಂದಳು ಮರೆಮ್ಮ. ಲ್ಯುದ್ಮಿಲಾ ಹಾಗೆಯೇ ಹೇಳಿದಳು. ಮುದುಕ ತಲೆಯಾಡಿಸಿದ, ಆ ಬಂದರಿನ ಹೆಸರು ತಾನು ಕೇಳಿದ್ದೇನೆ ಎಂಬಂತೆ.

ಆಮೇಲೆ ಗುಡ್ಡದ ಮೇಲಿನ ಸೈನಿಕನ ವಿಗ್ರಹ ನೋಡಿದರು. ಅದರ ಬೂಟಿನ ಬುಡದಲ್ಲಿ ನಿಂತರೆ ಮುಖ ಕಾಣುವುದಿಲ್ಲ, ಅಷ್ಟು ಎತ್ತರ. ಯುದ್ಧದಲ್ಲಿ ಸತ್ತವರ ನೆನಪಿಗೆ ಹೂವಿಟ್ಟಿದ್ದರು. ತಂಡದವರೂ ಹೂವಿಟ್ಟರು. ಅಲ್ಲಿಂದ ಕೆಳಗಿಳಿದು ಹಡಗುಗಳ ವಸ್ತುಸಂಗ್ರಹಾಲಯದ ಮುಂದೆ ಬಸ್ಸು ನಿಂತಿತು. ಒಳಗೆ ಒಂದೂವರೆ ತಾಸು ನೋಡುವುದಿದೆ ಎಂದರು. ಎಲ್ಲರೂ ಸಾಲಾಗಿ ಒಳಗೆ ಹೋದರು. ಕೊನೆಯಲ್ಲಿದ್ದ ಮರೆಮ್ಮ ಬಾಗಿಲ ಹತ್ತಿರ ನಿಂತುಬಿಟ್ಟಳು. ಎಲ್ಲಿಂದಲೋ ಸುತ್ತಿಗೆಯ ಸಪ್ಪಳ ಬರುತ್ತಿತ್ತು.

ಕಟ್ಟಡದ ಹಿಂದೆ ಇಳಿಜಾರಿನ ಒಂದು ಕಾಲುದಾರಿಯಲ್ಲಿ ಐದಾರು ಹೆಂಗಸರು ಹಾಸುಗಲ್ಲು ಹಾಕುತ್ತಿದ್ದರು. ಕಿತ್ತಳೆ ಬಣ್ಣದ ಜಾಕೀಟು, ತಲೆಗೆ ಬಿಗಿದ ವಸ್ತ್ರ. ಒಬ್ಬಾಕೆ ಮೊಣಕಾಲೂರಿ ಕಲ್ಲಿನ ಅಂಚು ಕತ್ತರಿಸುತ್ತಿದ್ದಳು. ಐವತ್ತರ ಮೇಲಿನ ದಪ್ಪನೆಯ ಹೆಂಗಸು. ಹದಿನೈದು ದಿನದ ಪಯಣದಲ್ಲಿ ಸಭೆ, ಭಾಷಣ, ಹೂಗುಚ್ಛ, ಗಾಜಿನ ಪೆಟ್ಟಿಗೆಯ ಒಳಗಿನ ಸಾಮಾನು ಇವನ್ನೆಲ್ಲ ನೋಡಿದ್ದ ಮರೆಮ್ಮನಿಗೆ ತನ್ನ ಕೆಲಸ ಮಾಡುವ ಹೆಂಗಸೊಬ್ಬಳು ಕಂಡದ್ದು ಅಲ್ಲೇ. ಕಾಲುಗಳು ತಾವಾಗಿ ಆ ಕಡೆ ನಡೆದವು.

ಆ ಹೆಂಗಸು ತಲೆ ಎತ್ತಿ ನೋಡಿದಳು. ಸೀರೆ, ಅದರ ಮೇಲೆ ರೈಲ್ವೆ ಕೋಟು, ಕೆಳಗೆ ಕ್ಯಾನ್ವಾಸ್ ಬೂಟು. ಆಕೆ ಏನೋ ಕೇಳಿದಳು. ಮರೆಮ್ಮ ಉತ್ತರಕ್ಕೆ ತನ್ನ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಆ ಹೆಂಗಸು ಕೈಗವಸು ತೆಗೆದು ತನ್ನ ಅಂಗೈಯನ್ನು ಪಕ್ಕದಲ್ಲಿ ಹಿಡಿದಳು. ಹೆಬ್ಬೆರಳಿನ ಬುಡದಲ್ಲಿ, ಕಿರುಬೆರಳಿನ ಕೆಳಗೆ ಇಬ್ಬರಿಗೂ ಜಡ್ಡುಗಟ್ಟಿದ್ದು ಒಂದೇ ಕಡೆ. ಆಕೆ ಎದೆಯ ಮೇಲೆ ಬೆರಳಿಟ್ಟು ನ್ಯೂರಾ ಅಂದಳು. ಮರೆಮ್ಮನಿಗೆ ನೂರಾ ಅಂತ ಕೇಳಿಸಿತು. ನಮ್ಮ ಓಣಿಯ ನೂರಜಹಾನಳನ್ನು ಎಲ್ಲರೂ ಕರೆಯುವುದು ನೂರಾ ಅಂತಲೇ. ಹೆಸರು ಗೊತ್ತಿದ್ದದ್ದೇ ಆಯಿತು, ಇನ್ನೇನು ಪರಿಚಯ ಬೇಕು ಎಂದು ಮರೆಮ್ಮ ಕೋಟು ಬಿಚ್ಚಿ ಮರದ ಟೊಂಗೆಗೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತು ಸುತ್ತಿಗೆ ಕೇಳಿದಳು.

ನ್ಯೂರಾ ನಗುತ್ತ ಕೊಟ್ಟಳು. ಮರೆಮ್ಮ ಊರಿನಲ್ಲಿ ಮಾಡುವ ಹಾಗೆ ಕಲ್ಲಿನ ಮೇಲೆ ಉಳಿಯಿಂದ ಒಂದು ಗೆರೆ ಎಳೆದು, ತುದಿಯಲ್ಲಿ ಬಲವಾಗಿ ಒಂದು ಏಟು ಹಾಕಿದಳು. ನಮ್ಮ ಫರಸಿಯಾದರೆ ಆ ಏಟಿಗೆ ಗೆರೆಯ ಉದ್ದಕ್ಕೂ ಬಿಟ್ಟುಕೊಡುತ್ತದೆ. ಇದು ಗಟ್ಟಿ ಗ್ರಾನೈಟು. ಗೆರೆಯನ್ನು ಕೇಳದೆ ಅಡ್ಡಕ್ಕೆ ಒಡೆದು ಮೂರು ತುಂಡಾಯಿತು.

ಉಳಿದ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಮರೆಮ್ಮನಿಗೆ ಭೂಮಿಯೊಳಗೆ ಇಳಿದುಹೋಗಬೇಕು ಅನಿಸಿತಂತೆ. ಹದಿನೈದು ಇಪ್ಪತ್ತು ವರ್ಷದಲ್ಲಿ ಯಾರ ಕಣ್ಣೆದುರಿಗೂ ಹಾಗೆ ಕಲ್ಲು ಕೆಡಿಸಿರಲಿಲ್ಲ. ಎದ್ದು ಹೋಗುವುದೋ ಏನು ಅನ್ನುವಷ್ಟರಲ್ಲಿ ನ್ಯೂರಾ ಇನ್ನೊಂದು ಕಲ್ಲು ತಂದು ಮುಂದಿಟ್ಟಳು. ಮರೆಮ್ಮನ ಮಣಿಕಟ್ಟು ಹಿಡಿದು ಸುತ್ತಿಗೆಯನ್ನು ಮೆಲ್ಲಗೆ ಬಡಿಸಿದಳು. ಚಿಕ್ಕ ಚಿಕ್ಕ ಏಟು, ಗೆರೆಯ ಗುಂಟ ಮೇಲೆ, ಆಮೇಲೆ ಬದಿಗೆ, ಮಗುಚಿ ಹಾಕಿ ಕೆಳಗೆ, ಮತ್ತೆ ಮೇಲೆ. ಮೂರು ಸುತ್ತು, ನಾಲ್ಕು ಸುತ್ತು. ಐದನೆಯ ಸುತ್ತಿಗೆ ಏಟಿನ ದನಿ ಬದಲಾಯಿತು. ಮರೆಮ್ಮನಿಗೆ ಅದು ತಿಳಿಯಿತು, ಕಲ್ಲು ಯಾವುದಾದರೇನು. ಕೈ ನಿಲ್ಲಿಸಿ ನ್ಯೂರಾಳನ್ನು ನೋಡಿದಳು. ನ್ಯೂರಾ ಈಗ ಹಾಕು ಎಂಬಂತೆ ಗದ್ದ ಎತ್ತಿದಳು. ಕಲ್ಲು ಗೆರೆಯ ಮೇಲೆ ನೇರವಾಗಿ ಎರಡಾಯಿತು.

ಆ ತುಂಡನ್ನು ಹಾಕಲು ಇಬ್ಬರೂ ಹೊತ್ತುಕೊಂಡು ದಾರಿಯ ಕೆಳತುದಿಗೆ ಹೋದರು. ಅಲ್ಲಿ ಹಿಂದಿನ ವರ್ಷ ಹಾಕಿದ ಕಲ್ಲುಗಳು ಹಾಗೇ ಇದ್ದವು. ಅವುಗಳ ಮೇಲೆ ನಡೆಯುವಾಗ ಮರೆಮ್ಮ ಒಂದರ ಮೇಲೆ ನಿಂತಳು. ಹಿಂದೆ ಸರಿದು ಮತ್ತೆ ಕಾಲಿಟ್ಟಳು. ಬಗ್ಗಿ ಸುತ್ತಿಗೆಯ ಹಿಡಿಯಿಂದ ಬಡಿದಳು. ಮಗ್ಗುಲಿನ ಕಲ್ಲು ಗಟ್ಟಿಯಾಗಿ ದನಿ ಕೊಟ್ಟರೆ ಇದು ಖಾಲಿ ಗಡಿಗೆಯ ಹಾಗೆ ಮಾತಾಡಿತು. ಅದರ ಆಚೆಯ ಎರಡೂ ಹಾಗೆಯೇ. ಮೇಲೆ ನೋಡಿದರೆ ಒಂದಿಷ್ಟೂ ಬಿರುಕಿಲ್ಲ. ಕೆಳಗೆ ಟೊಳ್ಳಾಗಿದೆ ಎಂದು ಕೈಸನ್ನೆ ಮಾಡಿ ತೋರಿಸಿದಳು. ನ್ಯೂರಾ ನಂಬಲಿಲ್ಲ. ಅವರ ಮೇಸ್ತ್ರಿ, ಬಿಳಿಮೀಸೆಯ ಮನುಷ್ಯ, ಏನು ಗದ್ದಲ ಎಂದು ಬಂದ. ಅವನೂ ಬಡಿದು ಕೇಳಿದ. ಕೊನೆಗೆ ಹಾರೆ ಹಾಕಿ ಕಲ್ಲು ಎಬ್ಬಿಸಿದರು. ಚಳಿಗಾಲದ ಹಿಮ ಕರಗಿ ಇಳಿಜಾರಿನಲ್ಲಿ ಹರಿದು, ಕೆಳಗಿನ ಮರಳೆಲ್ಲ ಕೊಚ್ಚಿಹೋಗಿ ಒಂದು ಗೇಣು ಆಳದ ಪೊಳ್ಳು ಬಿದ್ದಿತ್ತು. ಇನ್ನೊಂದು ಚಳಿಗಾಲಕ್ಕೆ ಯಾರದಾದರೂ ಕಾಲು ಮುರಿಯುತ್ತಿತ್ತು.

ಮೇಸ್ತ್ರಿ ಮರೆಮ್ಮನನ್ನು ನೋಡಿದ, ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಸೀಮೆಸುಣ್ಣದ ತುಂಡೊಂದನ್ನು ಆಕೆಯ ಕೈಗೆ ಕೊಟ್ಟು ಇಡೀ ದಾರಿಯನ್ನು ತೋರಿಸಿದ. ಮರೆಮ್ಮ ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಕಲ್ಲು ಬಡಿಯುತ್ತ ಬಂದಳು. ಟೊಳ್ಳಾದದ್ದರ ಮೇಲೆ ಸುಣ್ಣದಲ್ಲಿ ಅಡ್ಡಗೆರೆ. ಒಟ್ಟು ಹನ್ನೊಂದು. ನಾಲ್ಕನ್ನು ಆಗಲೇ ಎಬ್ಬಿಸಿ, ಮರಳು ತುಂಬಿ, ಇವಳೂ ನ್ಯೂರಾಳೂ ಎದುರುಬದುರು ಕುಳಿತು ಹೊಸದಾಗಿ ಕೂಡಿಸಿದರು.

ಇತ್ತ ವಸ್ತುಸಂಗ್ರಹಾಲಯದಲ್ಲಿ ತಲೆ ಎಣಿಸಿದಾಗ ಹನ್ನೊಂದು ಜನ. ಲ್ಯುದ್ಮಿಲಾ ಮೂರು ಮಹಡಿ ಹುಡುಕಿ, ಬಸ್ಸಿನಲ್ಲಿ ನೋಡಿ, ರಸ್ತೆಯ ತುದಿಯವರೆಗೆ ಓಡಿ, ಕೊನೆಗೆ ಮರದ ಟೊಂಗೆಯಲ್ಲಿ ಹಿತ್ತಾಳೆ ಗುಂಡಿ ಮಿಂಚುವುದನ್ನು ಕಂಡು ಬಂದಳು. ಅಷ್ಟರಲ್ಲಿ ಕಲ್ಲಿನ ಹೆಂಗಸರು ಗಾಲಿಯ ಮೇಲಿನ ತಮ್ಮ ಚಿಕ್ಕ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ಒಳಗೆ ಒಲೆ, ಬೆಂಚು, ಬಟ್ಟೆ ನೇತುಹಾಕಲು ಗೂಟ. ಮರೆಮ್ಮ ನಡುವೆ ಕುಳಿತು ಕರಿ ಬ್ರೆಡ್ಡಿನ ಮೇಲೆ ಶೇಂಗಾ ಹಿಂಡಿ ಉದುರಿಸಿ ಎಲ್ಲರಿಗೂ ಹಂಚುತ್ತಿದ್ದಳು. ನ್ಯೂರಾಳ ಕಣ್ಣಲ್ಲಿ ಖಾರಕ್ಕೆ ನೀರು ಬಂದಿತ್ತು, ಆದರೂ ಎರಡನೆಯ ತುಂಡಿಗೆ ಕೈ ಚಾಚಿದ್ದಳು.

ಲ್ಯುದ್ಮಿಲಾ ಬಾಗಿಲಲ್ಲೇ ನಿಂತು ಅಳುಮೋರೆ ಮಾಡಿ, ತನ್ನ ಕೆಲಸ ಹೋಗುತ್ತಿತ್ತು ಎಂದು ಬೈದಳು. ಮರೆಮ್ಮ ಎದ್ದು ಆಕೆಯ ಕೈ ಹಿಡಿದು ತಪ್ಪಾಯಿತು ಎಂದು ಕೂಡಿಸಿ, ತನ್ನ ಚಹಾವನ್ನೇ ಕೊಟ್ಟಳು. ಆಮೇಲೆ ನ್ಯೂರಾಳನ್ನು ಒಂದು ಮಾತು ಕೇಳಿಕೊಡು ಅಂದಳು.

"ಈ ಕೋಣಿ, ಈ ಒಲಿ, ಕೈಗವಸ ಇವೆಲ್ಲ ನಿಮಗ ಯಾರರ ಧರ್ಮಕ್ಕ ಕೊಟ್ಟಾರೇನು, ಇಲ್ಲಾ ನೀವು ಕೇಳಿ ತಗೊಂಡೀರಿ?"

ಲ್ಯುದ್ಮಿಲಾ ಅದನ್ನು ತನಗೆ ತಿಳಿದಂತೆ ರಷ್ಯನ್ನಿಗೆ ಹೊರಳಿಸಿದಳು. ನ್ಯೂರಾ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಮಾತಾಡಿದಳು. ಯುದ್ಧ ಮುಗಿದು ಊರೆಲ್ಲ ಬೂದಿಯಾಗಿದ್ದಾಗ ತಾನು ಹದಿನೆಂಟರ ಹುಡುಗಿ, ಇಲ್ಲಿಗೆ ಬಂದು ಕಲ್ಲು ಹೊರಲು ಶುರು ಮಾಡಿದೆ, ಆಗ ಕೋಣೆಯೂ ಇಲ್ಲ, ಒಲೆಯೂ ಇಲ್ಲ, ಬಟ್ಟೆ ಒಣಗಿಸಲು ಜಾಗವಿರಲಿಲ್ಲ ಎಂದಳು. ಹೆಂಗಸರೆಲ್ಲ ಕೂಡಿ ಪ್ರತಿ ಸಭೆಯಲ್ಲೂ ಅದನ್ನೇ ಎತ್ತಿದರಂತೆ. ಕೊನೆಗೆ ಕೇಳಿ ಕೇಳಿ ಬೇಸತ್ತು ಕೊಟ್ಟರು ಅಂದಳು. ಉಳಿದ ಹೆಂಗಸರು ನಕ್ಕರು. ಮರೆಮ್ಮ ನಗಲಿಲ್ಲ. ಆ ಕೋಣೆಯ ಉದ್ದ ಅಗಲವನ್ನು ಹೆಜ್ಜೆಯಲ್ಲಿ ಅಳೆದುಕೊಂಡಳು.

ಸಂಜೆಯ ಊಟದಲ್ಲಿ ತಂಡದ ಮುಖಂಡರು ಮರೆಮ್ಮನ ಮೇಲೆ ಮುಖ ಬಿಗಿದುಕೊಂಡೇ ಇದ್ದರು. ಅಷ್ಟರಲ್ಲಿ ಊರಿನ ಕಟ್ಟಡ ಸಂಘದ ಅಧ್ಯಕ್ಷರು ಎದ್ದು ಭಾಷಣ ಮಾಡಿದರು. ಇಲ್ಲಿಯವರೆಗೆ ಎಷ್ಟೋ ದೇಶದ ಅತಿಥಿಗಳು ಬಂದು ಊರು ನೋಡಿ ಹೋಗಿದ್ದಾರೆ, ಊರನ್ನು ದುರಸ್ತಿ ಮಾಡಿದ ಅತಿಥಿ ಇವರೊಬ್ಬರೇ ಅಂದರು. ಚಪ್ಪಾಳೆ ನಿಲ್ಲಲಿಲ್ಲ. ಮುಖಂಡರೂ ಚಪ್ಪಾಳೆ ಹೊಡೆದರು. ಮರೆಮ್ಮನಿಗೆ ಒಂದು ಜೊತೆ ಕೈಗವಸು, ಕಪ್ಪುಬಣ್ಣದ ಒಂದು ಉಳಿ ಉಡುಗೊರೆ ಬಂತು.

ಊಟ ಮುಗಿದಾಗ ಗಡಿಯಾರ ಹತ್ತು ತೋರಿಸುತ್ತಿತ್ತು. ಹೊರಗೆ ನಮ್ಮಲ್ಲಿ ಸಂಜೆ ನಾಲ್ಕಕ್ಕೆ ಇರುವಷ್ಟು ಬಿಸಿಲು. ಬೀದಿಯಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಮರೆಮ್ಮ ಹೋಟೆಲಿನ ಮೆಟ್ಟಿಲ ಮೇಲೆ ಕುಳಿತು ಸೂರ್ಯನನ್ನೇ ನೋಡಿದಳು. ಗುಡ್ಡದ ಮಗ್ಗುಲಿಗೆ ಬಂದ, ಅಲ್ಲೇ ಗುಡ್ಡದ ನೆತ್ತಿಯ ಗುಂಟ ಹೊರಳಿದ, ಕೆಳಗೆ ಇಳಿಯಲೇ ಇಲ್ಲ. ಮಾಸ್ತರ್ರು ನೋಡದೆ ಹೇಳಿದ್ದು ಖರೇ ಆಯಿತಲ್ಲ ಎಂದು ಆಕೆಗೆ ನನ್ನ ಬಗ್ಗೆ ಅಚ್ಚರಿಯಾಯಿತಂತೆ.

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಆ ಸೂರ್ಯನನ್ನೇ. ಜೈತುನ್ಬೀಗೆ ರೋಜಾ ಉಪವಾಸ ಹಿಡಿದವರು ಅಲ್ಲಿ ಯಾವಾಗ ಬಿಡಬೇಕು ಎಂಬ ಚಿಂತೆ. ತಮ್ಮಣ್ಣ ನಾಲ್ಕನೆಯ ದಿನ ರೊಟ್ಟಿ ಮುರಿಯುತ್ತ ಕೇಳಿದ.

"ಹೊತ್ತೇ ಮುಳಗಂಗಿಲ್ಲ ಅಂದ್ರ, ಕೆಲಸ ಬಿಟ್ಟು ಮನಿಗಿ ಹೋಗ್ರಿ ಅಂತ ಅವರಿಗಿ ಯಾರು ಹೇಳ್ತಾರ?"

ಗಂಡ ಇಷ್ಟು ಚಲೋ ಪ್ರಶ್ನೆ ಕೇಳುವವನೆಂದು ತನಗೆ ಗೊತ್ತೇ ಇರಲಿಲ್ಲ, ಅವನನ್ನೂ ಕರೆದುಕೊಂಡು ಹೋಗಬೇಕಿತ್ತು ಅಂತ ಮರೆಮ್ಮ ನನ್ನ ಮುಂದೆ ಹೇಳಿಕೊಂಡಳು. ನಾನು ಒಂದು ದಿನ ಆಕೆಯನ್ನು ಎಂಟನೆಯ ತರಗತಿಗೆ ಕರೆದುಕೊಂಡು ಹೋದೆ. ನನ್ನ ಕುರ್ಚಿಯಲ್ಲಿ ಕೂಡಲು ಒಲ್ಲೆನೆಂದು ನಿಂತೇ ಒಂದು ತಾಸು ಮಾತಾಡಿದಳು. ಆ ವರ್ಷ ಪರೀಕ್ಷೆಯಲ್ಲಿ ಧ್ರುವವೃತ್ತದ ಪ್ರಶ್ನೆಗೆ ಯಾರೂ ತಪ್ಪು ಬರೆಯಲಿಲ್ಲ. ಇಬ್ಬರು ಮಾತ್ರ ಅಲ್ಲಿಯ ಮುಖ್ಯ ಆಹಾರ ಶೇಂಗಾ ಹಿಂಡಿ ಎಂದು ಬರೆದಿದ್ದರು.

ಗಣಿಯಲ್ಲಿ ಹೆಂಗಸರಿಗೆ ನೆರಳಿನ ಜಾಗ ಬೇಕೆಂಬುದನ್ನು ಮರೆಮ್ಮ ಆ ಆಗಸ್ಟಿನಿಂದ ಎತ್ತಿದಳು. ಸಂಘದ ಸಭೆಯಲ್ಲಿ ಎತ್ತಿದಳು, ಮುನ್ಷಿಯ ಮುಂದೆ ಎತ್ತಿದಳು, ಮಾಲೀಕರು ಜೀಪಿನಲ್ಲಿ ಬಂದಾಗ ಜೀಪಿಗೆ ಅಡ್ಡ ನಿಂತು ಎತ್ತಿದಳು. ಮಶಾಕಸಾಬರೇ ಒಮ್ಮೊಮ್ಮೆ ಇವತ್ತೊಂದು ದಿನ ಬಿಡು ಅನ್ನುತ್ತಿದ್ದರು. ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ೧೯೮೦ರ ಬೇಸಿಗೆಯ ಮುಂಚೆ ಗಣಿಯ ಅಂಚಿನಲ್ಲಿ ತಗಡಿನ ಒಂದು ಚಪ್ಪರ, ನೀರಿನ ತೊಟ್ಟಿ, ಮಕ್ಕಳನ್ನು ಮಲಗಿಸಲು ಒಂದು ಕಟ್ಟೆ ಬಂದವು. ಗೋಡೆಗೆ ಮತ್ತು ನೆಲಕ್ಕೆ ಕಲ್ಲನ್ನು ಹೆಂಗಸರೇ ಸೀಳಿ ಹಾಕಿದರು. ಅಷ್ಟು ಹೊತ್ತಿಗೆ ಮರೆಮ್ಮನ ಹತ್ತಿರ ಸೀಳುವುದನ್ನು ಕಲಿತವರು ಏಳು ಜನರಾಗಿದ್ದರು. ಜೊತೆಗೆ ಎತ್ತಿದ್ದ ಕೈಗವಸಿನ ಮಾತು ಮಾತ್ರ ಕೈಗೂಡಲಿಲ್ಲ. ಒಂದು ಸಲ ತರಿಸಿದರು, ದಪ್ಪ ಚರ್ಮದವು. ಮೇ ತಿಂಗಳಲ್ಲಿ ಅವನ್ನು ಹಾಕಿಕೊಂಡವರು ಕೈ ಬೇಯುತ್ತದೆ ಎಂದು ಅರ್ಧ ತಾಸಿಗೆ ಬಿಚ್ಚಿದರು. ಅವುಗಳಿಂದ ಬಿಸಿ ಪಾತ್ರೆ ಇಳಿಸುವುದು ಚಲೋ ಆಗುತ್ತದೆ ಎಂದು ಮನೆಗೆ ಒಯ್ದರು.

ನಾನು ವರ್ಗವಾಗಿ ಸೇಡಂಗೆ ಹೊರಟಾಗ ಹೇಳಿ ಬರಲು ಗಣಿಗೆ ಹೋಗಿದ್ದೆ. ಮರೆಮ್ಮ ಚಪ್ಪರದ ಕೆಳಗೆ ಕುಳಿತು ಎಲೆಯಡಿಕೆ ಹಾಕುತ್ತಿದ್ದಳು. ಮತ್ತೊಮ್ಮೆ ಕರೆದರೆ ಆ ಊರಿಗೆ ಹೋಗುತ್ತೀಯಾ ಎಂದು ಕೇಳಿದೆ. ಮಾತು ಮುಗಿಯುವ ಮುಂಚೆಯೇ ಹೂಂ ಅಂದಳು.

"ಹೋಗ್ತೀನ್ರಿ. ಆದ್ರ ಈ ಸಲ ಥಂಡಿ ದಿನದಾಗ ಹೋಗ್ತೀನಿ. ಆಗ ತಿಂಗಳಗಟ್ಲೆ ಹೊತ್ತೇ ಹುಟ್ಟಂಗಿಲ್ಲಂತ, ನ್ಯೂರಾ ಹೇಳ್ಯಾಳ. ಕತ್ತಲದಾಗ ಕಲ್ಲು ಹ್ಯಾಂಗ ಕೂಡಸ್ತಾರೋ, ಅದನ್ನ ನೋಡಬೇಕಾಗ್ಯದ."